ಫ್ರೆಡರಿಕ್ ಲಾಂಚೆಸ್ಟರ್ ಮತ್ತು ಆತನ ತಾಮ್ರದ ಬ್ರೇಕು

ಕೆಲವರ ಹೆಸರು ಅವರು ನಿರ್ಮಿಸಿದ ವಸ್ತುವಿಗೇ ಅಂಟಿಕೊಂಡು ಉಳಿಯುತ್ತದೆ. ಡೀಸೆಲ್ ಎಂಬುದು ಒಬ್ಬ ಜರ್ಮನ್ ಇಂಜಿನಿಯರನ ಹೆಸರೆಂಬುದನ್ನು ಮರೆತೇ ನಾವು ಬಂಕಿನಲ್ಲಿ ಡೀಸೆಲ್ ಹಾಕಿಸುತ್ತೇವೆ. ಜೇಮ್ಸ್ ವಾಟನ ಹೆಸರು ಮನೆಮನೆಯ ವಿದ್ಯುದ್ದೀಪದ ಬುರುಡೆಯ ಮೇಲೆ ಅಚ್ಚಾಗಿದೆ. ಎಲ್ಲರಿಗೂ ಈ ಭಾಗ್ಯವಿಲ್ಲ. ಉಡುಪಿಯ ಬಸ್ ನಿಲ್ದಾಣದ ಬದಿಯಲ್ಲಿ ಸಾಲಾಗಿ ನಿಂತ ಮೋಟಾರು ಸೈಕಲುಗಳ ಮುಂಚಕ್ರವನ್ನು ನೋಡಿದರೆ, ತೂತುತೂತಾದ ಒಂದು ಉಕ್ಕಿನ ಬಿಲ್ಲೆಯು ಥಳಥಳಿಸುತ್ತಿರುವುದು ಕಾಣುತ್ತದೆ. ಅದನ್ನು ಡಿಸ್ಕ್ ಬ್ರೇಕು ಎಂದು ಹತ್ತು ವರ್ಷದ ಹುಡುಗನೂ ಹೇಳಬಲ್ಲನು. ಅದರ ಹಿಂದೆ ಇರುವ ಮನುಷ್ಯನ ಹೆಸರನ್ನು ಮಾತ್ರ, ಮಣಿಪಾಲದಲ್ಲಿ ಯಂತ್ರಶಾಸ್ತ್ರವನ್ನೇ ಓದುವ ವಿದ್ಯಾರ್ಥಿಗಳಲ್ಲಿಯೂ ಎಷ್ಟು ಮಂದಿ ಹೇಳಿಯಾರು ಎಂಬುದು ಅನುಮಾನ.

ಫ್ರೆಡರಿಕ್ ವಿಲಿಯಂ ಲಾಂಚೆಸ್ಟರನು 1868ರ ಅಕ್ಟೋಬರ್ 23ರಂದು ಲಂಡನಿನ ಲೂಯಿಷಾಮ್ ಎಂಬಲ್ಲಿ ಜನಿಸಿದನು. ತಂದೆ ಹೆನ್ರಿ ಜೋನ್ಸ್ ಲಾಂಚೆಸ್ಟರನು ಕಟ್ಟಡಗಳ ಶಿಲ್ಪಿ. ತಾಯಿ ಆಕ್ಟೇವಿಯಾ ಗಣಿತವನ್ನೂ ಲ್ಯಾಟಿನ್ ಭಾಷೆಯನ್ನೂ ಬಲ್ಲವಳಾಗಿ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು. ಎಂಟು ಮಕ್ಕಳಲ್ಲಿ ಈತನು ನಾಲ್ಕನೆಯವನು. ಈತನ ಅಣ್ಣ ಹೆನ್ರಿ ವಾನ್ ಲಾಂಚೆಸ್ಟರನ ಹೆಸರು ನಮ್ಮ ದೇಶಕ್ಕೆ ಅಪರಿಚಿತವಲ್ಲ. ಜೋಧಪುರದ ಉಮೇದ್ ಭವನ ಅರಮನೆಯು ಆತನ ಕಲ್ಪನೆ. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ಆಧಿಪತ್ಯಕ್ಕೆ ಸೇರಿದ್ದ ಕಾಲದಲ್ಲಿ ಮದರಾಸು ನಗರದ ಯೋಜನೆಯನ್ನು ಕುರಿತು ಆತನು ಬರೆದ ಗ್ರಂಥವು 1918ರಲ್ಲಿ ಪ್ರಕಟವಾಯಿತು. ಅಣ್ಣನು ಭಾರತದಲ್ಲಿ ಕಟ್ಟಿದ ಅರಮನೆಯನ್ನು ಪ್ರವಾಸಿಗರು ಇಂದಿಗೂ ನೋಡುತ್ತಾರೆ. ತಮ್ಮನ ಕೆಲಸವಾದರೋ ಕೋಟಿಗಟ್ಟಲೆ ಚಕ್ರಗಳಲ್ಲಿ ಹಂಚಿಹೋಗಿದೆ.

ಬಾಲಕನಾಗಿದ್ದಾಗ ಲಾಂಚೆಸ್ಟರನ ವಿದ್ಯಾಭ್ಯಾಸವು ನೇರವಾದ ದಾರಿಯಲ್ಲಿ ಸಾಗಲಿಲ್ಲ. ಸೌತಾಂಪ್ಟನ್ನಿನ ಹಾರ್ಟ್ಲಿ ಸಂಸ್ಥೆಯಲ್ಲಿ ಕೆಲಕಾಲ, ಬಳಿಕ ಲಂಡನಿನ ಸೌತ್ ಕೆನ್ಸಿಂಗ್ಟನ್ನಿನ ವಿಜ್ಞಾನ ಕಾಲೇಜಿನಲ್ಲಿ ಕೆಲಕಾಲ ಓದಿದನು. ಅಲ್ಲಿ ಯಂತ್ರವಿದ್ಯೆಯ ಪಾಠವು ತನಗೆ ಬೇಕಾದಷ್ಟು ದೊರೆಯುತ್ತಿಲ್ಲವೆಂದು ಕಂಡು ಸಂಜೆಯ ಹೊತ್ತು ಫಿನ್ಸ್‌ಬರಿಯ ತಾಂತ್ರಿಕ ಶಾಲೆಗೆ ಹೋಗಿ ಕಲಿತನು. ಕೊನೆಗೆ ಯಾವ ಪದವಿಯನ್ನೂ ಪಡೆಯದೆಯೇ ಹೊರಬಂದನು. ಪದವಿಯ ಕಾಗದವಿಲ್ಲದ ಈ ಮನುಷ್ಯನನ್ನು ಮುಂದೆ 1922ರಲ್ಲಿ ರಾಯಲ್ ಸೊಸೈಟಿಯು ತನ್ನ ಸದಸ್ಯನನ್ನಾಗಿ ಚುನಾಯಿಸಿತೆಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ಆದರೆ ಇದನ್ನು ತರಗತಿ ತಪ್ಪಿಸುವುದಕ್ಕೆ ಸಮರ್ಥನೆಯಾಗಿ ಬಳಸಬಾರದು. ಈತನು ತಪ್ಪಿಸಿದ ತರಗತಿಗಿಂತ ಹುಡುಕಿಕೊಂಡು ಹೋದ ತರಗತಿಗಳೇ ಹೆಚ್ಚು.

ಕೆಲಕಾಲ ಪೇಟೆಂಟು ಸಂಬಂಧದ ನಕ್ಷೆಗಳನ್ನು ಬರೆಯುವ ಕೆಲಸ ಮಾಡಿ, 1889ರಲ್ಲಿ ಬರ್ಮಿಂಗ್‌ಹ್ಯಾಮಿನ ಒಂದು ಗ್ಯಾಸ್ ಇಂಜಿನಿನ ಕಾರ್ಖಾನೆಗೆ ಸೇರಿದನು. ಅಲ್ಲಿನ ಕರಾರುಪತ್ರದಲ್ಲಿ, ನೌಕರನು ಏನನ್ನು ಕಂಡುಹಿಡಿದರೂ ಅದು ಕಂಪೆನಿಯ ಸೊತ್ತಾಗತಕ್ಕದ್ದೆಂಬ ಒಂದು ಷರತ್ತಿತ್ತು. ಇಪ್ಪತ್ತೊಂದು ತುಂಬುವ ಮುನ್ನಿನ ಆ ತರುಣನು ಲೇಖನಿಯಿಂದ ಆ ಸಾಲನ್ನು ಹೊಡೆದುಹಾಕಿ, ಉಳಿದ ಭಾಗಕ್ಕೆ ಸಹಿ ಮಾಡಿದನು. ಇದರ ಫಲವಾಗಿ, ಇಂಜಿನಿನ ವೇಗವನ್ನು ಹತೋಟಿಯಲ್ಲಿಡುವ ಒಂದು ಸಾಧನವನ್ನು ಅಲ್ಲಿ ಅವನು ರಚಿಸಿದಾಗ ಅದರ ಗೌರವಧನವು ಅವನ ಕೈಗೇ ಬಂದಿತು. ಹಣದ ವಿಷಯದಲ್ಲಿ ಅವನ ಜೀವಮಾನದಲ್ಲಿ ಇಷ್ಟು ಜಾಣತನದ ಪ್ರಸಂಗವು ಮತ್ತೊಂದು ನಡೆದಂತೆ ತೋರುವುದಿಲ್ಲ.

1895ರಲ್ಲಿ ಲಾಂಚೆಸ್ಟರನು ಒಂದು ಮೋಟಾರು ಗಾಡಿಯನ್ನು ನಿರ್ಮಿಸಿ ಮರುವರ್ಷ ಅದನ್ನು ರಸ್ತೆಗಿಳಿಸಿದನು. ಅಂದಿನ ಕಾರುಗಳೆಂದರೆ ಕುದುರೆಯನ್ನು ಬಿಚ್ಚಿ ಇಂಜಿನು ಕೂರಿಸಿದ ಸಾರೋಟುಗಳು. ಈತನಾದರೋ ಮೊದಲಿನಿಂದ ಕೊನೆಯವರೆಗೆ ಕಾರನ್ನು ಕಾರೆಂದೇ ಯೋಚಿಸಿದನು. ಇಂಜಿನಿನ ಅದುರುವಿಕೆಯನ್ನು ಅಡಗಿಸುವುದಕ್ಕಾಗಿ ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗುವ ಎರಡು ದಂಡಗಳನ್ನು ಅಳವಡಿಸಿದನು. ಗಾಡಿಯ ಏರಿಳಿತವು ಮನುಷ್ಯನು ನಡೆಯುವಾಗಿನ ಏರಿಳಿತದ ಲಯಕ್ಕೆ ಹೊಂದುವಂತೆ ಸ್ಪ್ರಿಂಗುಗಳನ್ನು ಲೆಕ್ಕ ಹಾಕಿದನು. ಒಂದು ಕಾರಿನಿಂದ ಕಳಚಿದ ಭಾಗವು ಇನ್ನೊಂದು ಕಾರಿಗೆ ಹೊಂದಬೇಕೆಂದು ಪಟ್ಟುಹಿಡಿದು ಅಳತೆಗೋಲುಗಳನ್ನು ಮಾಡಿಸಿದನು. 1899ರ ಡಿಸೆಂಬರಿನಲ್ಲಿ ಸೋದರರು ಸೇರಿ ಬರ್ಮಿಂಗ್‌ಹ್ಯಾಮಿನ ಸ್ಪಾರ್ಕ್‌ಬ್ರೂಕಿನಲ್ಲಿ ಲಾಂಚೆಸ್ಟರ್ ಇಂಜಿನ್ ಕಂಪೆನಿಯನ್ನು ಸ್ಥಾಪಿಸಿದರು. ಲೇಖಕ ರಡ್ಯಾರ್ಡ್ ಕಿಪ್ಲಿಂಗನು ಅವರ ಗಿರಾಕಿಗಳಲ್ಲೊಬ್ಬನಾಗಿದ್ದನು.

ಓಡುವುದನ್ನು ಯೋಚಿಸಿದವನು ನಿಲ್ಲುವುದನ್ನೂ ಯೋಚಿಸಬೇಕಷ್ಟೆ. ನಿಲ್ಲಿಸುವ ವಿದ್ಯೆಯು ನಮಗೆ ಹೊಸತಲ್ಲ. ನಮ್ಮ ದೇವಾಲಯಗಳ ತೇರು ಹೊರಟಾಗ ಚಕ್ರದ ಬಳಿಯಲ್ಲಿ ಮರದ ತುಂಡನ್ನು ಹಿಡಿದು ನಡೆಯುವವನನ್ನು ಯಾರು ನೋಡಿಲ್ಲ? ಹಗ್ಗ ಹಿಡಿದ ನೂರಾರು ಮಂದಿಯ ಬಲಕ್ಕಿಂತ ಆ ಒಬ್ಬನ ಕೈಯ ಹದವು ಹೆಚ್ಚು ಬೆಲೆಯುಳ್ಳದ್ದು. ಎತ್ತಿನ ಗಾಡಿಯವರು ಘಟ್ಟ ಇಳಿಯುವಾಗ ಅಡ್ಡಮರವೊಂದನ್ನು ಹಗ್ಗದಿಂದ ಬಿಗಿದು ಚಕ್ರದ ಪಟ್ಟಿಗೆ ಉಜ್ಜುವಂತೆ ಮಾಡುತ್ತಿದ್ದರು. ಇಂಗ್ಲೆಂಡಿನ ಮೊದಲ ಕಾರುಗಳ ಬ್ರೇಕುಗಳೂ ಇದಕ್ಕಿಂತ ಬಹಳ ಮುಂದೆ ಹೋಗಿರಲಿಲ್ಲ: ಮರದ ಅಥವಾ ಲೋಹದ ತುಂಡನ್ನು ಚಕ್ರಕ್ಕೆ ಒತ್ತುವುದು, ಇಲ್ಲವೆ ಉರುಳೆಯೊಂದರ ಸುತ್ತ ಚರ್ಮದ ಪಟ್ಟಿಯನ್ನು ಬಿಗಿಯುವುದು. ಪಟ್ಟಿ ಬಿಸಿಯಾದರೆ ಸುಡುತ್ತಿತ್ತು, ಒದ್ದೆಯಾದರೆ ಜಾರುತ್ತಿತ್ತು.

ಕಾಪುವಿನ ಕಡಲ ಬಂಡೆಯ ಮೇಲಿನ ದೀಪಸ್ತಂಭವನ್ನು ಕಟ್ಟಿದ್ದು 1901ರಲ್ಲಿ. ಅದರ ಮರುವರ್ಷ, 1902ರಲ್ಲಿ, ಲಾಂಚೆಸ್ಟರನು ತನ್ನ ಹೊಸ ಬ್ರೇಕಿಗೆ ಪೇಟೆಂಟು ಪಡೆಯಲು ಅರ್ಜಿ ಹಾಕಿದನು. ಯೋಚನೆಯು ಸರಳವಾದುದು. ಚಕ್ರದ ಜೊತೆಗೆ ತಿರುಗುವ ಒಂದು ತೆಳುವಾದ ಲೋಹದ ಬಿಲ್ಲೆ. ಅದರ ಅಂಚಿನ ಬಳಿ, ತಾನು ತಿರುಗದೆ ನಿಂತಿರುವ ಒಂದು ಇಕ್ಕಳ. ಬ್ರೇಕು ಹಾಕಿದಾಗ ಇಕ್ಕಳದ ಎರಡು ದವಡೆಗಳೂ ಬಿಲ್ಲೆಯನ್ನು ಎರಡು ಬದಿಯಿಂದ ಸಮವಾಗಿ ಹಿಸುಕುತ್ತವೆ. ಹಿಸುಕುವ ಬಲವು ಎದುರುಬದುರಾಗಿರುವುದರಿಂದ ಚಕ್ರದ ಅಚ್ಚಿಗೆ ಅಡ್ಡತಳ್ಳು ಬೀಳುವುದಿಲ್ಲ. ಅಮೆರಿಕದ ಎಲ್ಮರ್ ಸ್ಪೆರಿಯು ತನ್ನ ವಿದ್ಯುತ್ ಗಾಡಿಯಲ್ಲಿ ಇದೇ ಜಾತಿಯ ಪ್ರಯತ್ನವನ್ನು ಅದಕ್ಕೂ ಮೊದಲೇ ಮಾಡಿದ್ದನು. ಅಯಸ್ಕಾಂತ ಶಕ್ತಿಯಿಂದ ನಡೆಯುವ ಆ ಬ್ರೇಕಿನ ವಂಶವು ಬೆಳೆಯಲಿಲ್ಲ. ಇಂದಿನ ಡಿಸ್ಕ್ ಬ್ರೇಕಿನ ಮುಖಲಕ್ಷಣವನ್ನು ಲಾಂಚೆಸ್ಟರನ ನಕ್ಷೆಯಲ್ಲಿ ಯಾರಾದರೂ ಗುರುತಿಸಬಹುದು.

ಈ ಯೋಚನೆಯ ಬೆಲೆಯನ್ನು ತಿಳಿಯಬೇಕಾದರೆ ಬ್ರೇಕು ಏನು ಮಾಡುತ್ತದೆಂಬುದನ್ನು ತಿಳಿಯಬೇಕು. ಅದು ಚಲನೆಯನ್ನು ಅಳಿಸುವುದಿಲ್ಲ, ಶಾಖವಾಗಿ ಮಾರ್ಪಡಿಸುತ್ತದೆ. ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಹೋಗುವ ಒಂದು ಟನ್ ಭಾರದ ಕಾರನ್ನು ಪೂರಾ ನಿಲ್ಲಿಸುವಾಗ ಹುಟ್ಟುವ ಶಾಖವು 2 ಲಕ್ಷ ಜೂಲ್. ಅರ್ಧ ಲೀಟರಿಗಿಂತ ತುಸು ಹೆಚ್ಚು ತಣ್ಣೀರನ್ನು ಕುದಿಯುವ ಹಂತಕ್ಕೆ ತರುವುದಕ್ಕೆ ಅದು ಸಾಕು. ಇದು ಒಂದು ಸಲ ನಿಲ್ಲಿಸಿದ ಲೆಕ್ಕ. ಅದೇ ಕಾರು ಆಗುಂಬೆಯ ಘಟ್ಟದ ಹದಿನಾಲ್ಕು ತಿರುವುಗಳನ್ನು ಸುತ್ತಿ ಸೋಮೇಶ್ವರದ ಕಡೆಗೆ ಇಳಿಯಿತೆನ್ನಿ. ಐನೂರು ಮೀಟರ್ ಎತ್ತರದಿಂದ ಇಳಿದರೆ 49 ಲಕ್ಷ ಜೂಲ್ ಶಕ್ತಿಯನ್ನು ಎಲ್ಲಾದರೂ ಚೆಲ್ಲಲೇಬೇಕು. ಬಚ್ಚಲಿನ ಹಂಡೆಯಲ್ಲಿ 15 ಲೀಟರ್ ನೀರು ಕುದಿಯುವಷ್ಟು ಶಾಖ. ಸಣ್ಣ ಗೇರಿನಲ್ಲಿ ಇಳಿಯುವ ವಿವೇಕಿಯಾದ ಚಾಲಕನು ಅದರ ಬಹುಭಾಗವನ್ನು ಇಂಜಿನಿಗೇ ಒಪ್ಪಿಸುತ್ತಾನೆ. ಬ್ರೇಕನ್ನೇ ನಂಬಿದವನ ಚಕ್ರಗಳಿಂದ ಸುಟ್ಟ ವಾಸನೆಯು ಕೆಳಗಿನ ತಿರುವಿನವರೆಗೆ ಬರುತ್ತದೆ.

ನಮ್ಮ ರಸ್ತೆಗಳಲ್ಲಿ ಹಲವು ದಶಕ ಓಡಿದ ಅಂಬಾಸಡರ್ ಕಾರುಗಳಲ್ಲಿ ಇದ್ದದ್ದು ಡ್ರಮ್ ಬ್ರೇಕು. ಚಕ್ರದೊಡನೆ ತಿರುಗುವ ಡಬ್ಬಿಯಂತಹ ಡ್ರಮ್ಮು, ಒಳಗಿನಿಂದ ಹೊರಕ್ಕೆ ಅಗಲವಾಗಿ ಅದಕ್ಕೆ ಉಜ್ಜುವ ಎರಡು ಬ್ರೇಕ್ ಶೂಗಳು. ಇದರಲ್ಲಿ ಒಂದು ಗುಣವಿದೆ: ತಿರುಗುವ ಡ್ರಮ್ಮೇ ಶೂವನ್ನು ತನ್ನೆಡೆಗೆ ಸೆಳೆದು ಇನ್ನಷ್ಟು ಬಿಗಿಯಾಗಿಸುತ್ತದೆ, ಆದ್ದರಿಂದ ಕಾಲಿನ ಒತ್ತಡ ಕಡಿಮೆ ಸಾಕು. ದೋಷವೂ ಅಲ್ಲಿಯೇ ಇದೆ. ಶಾಖವು ಡಬ್ಬಿಯೊಳಗೆ ಸಿಕ್ಕಿಕೊಳ್ಳುತ್ತದೆ. ಬಿಸಿಯಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಪೆಡಲು ಆಳಕ್ಕೆ ಹೋಗುತ್ತದೆ. ಲೈನಿಂಗಿನ ಹಿಡಿತವೂ ಶಾಖಕ್ಕೆ ಕುಗ್ಗುತ್ತದೆ. ಮಳೆಗಾಲದಲ್ಲಿ ಒಳಗೆ ಸೇರಿದ ನೀರು ಬೇಗ ಹೊರಹೋಗುವುದಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಉಡುಪಿಯಂತಹ ಊರಿನಲ್ಲಿ ಇದು ಅಲ್ಪ ವಿಷಯವಲ್ಲ. ಬಿಲ್ಲೆಯಾದರೋ ಗಾಳಿಗೆ ಬಯಲಾಗಿ ನಿಂತಿದೆ. ಬಿಸಿಯಾದರೆ ಅದರ ದಪ್ಪವು ಹೆಚ್ಚಿ ಪ್ಯಾಡುಗಳ ಸಮೀಪಕ್ಕೇ ಬರುತ್ತದೆ. ತನ್ನ ಮೇಲೆ ಬಿದ್ದ ನೀರನ್ನು ತಿರುಗುವ ರಭಸದಲ್ಲಿಯೇ ಸಿಡಿಸಿಬಿಡುತ್ತದೆ.

ಇಷ್ಟು ಗುಣವಿದ್ದ ಲಾಂಚೆಸ್ಟರನ ಬ್ರೇಕು ಏಕೆ ಸೋತಿತು? ಆತನು ದವಡೆಗಳಿಗೆ ಹಾಕಿದ್ದು ತಾಮ್ರ. ಬೇರೆ ಏನನ್ನು ಹಾಕಬಹುದಾಗಿತ್ತು? ಚರ್ಮವೂ ಮರವೂ ಆ ಶಾಖಕ್ಕೆ ನಿಲ್ಲುವಂತಿರಲಿಲ್ಲ. ಲೋಹದ ಮೇಲೆ ಲೋಹವು ಉಜ್ಜಿದಾಗ ಎದ್ದ ಕೀರಲು ಸದ್ದು ಕುದುರೆಗಳನ್ನು ಮಾತ್ರವಲ್ಲ, ಹಣ ಕೊಟ್ಟು ಕಾರು ಕೊಂಡವರನ್ನೂ ಬೆದರಿಸುವಂತಿತ್ತು. ಅಂದಿನ ಇಂಗ್ಲೆಂಡಿನ ರಸ್ತೆಗಳಿಗೆ ಟಾರು ಇರಲಿಲ್ಲ. ನಮ್ಮ ಮುರಮಣ್ಣಿನ ರಸ್ತೆಯಲ್ಲಿ ಬೇಸಗೆಯಲ್ಲಿ ನಡೆದವರಿಗೆ ಆ ಧೂಳಿನ ಕಲ್ಪನೆಯು ಕಷ್ಟವಲ್ಲ. ಬಯಲಿನಲ್ಲಿರುವುದೇ ಬಿಲ್ಲೆಯ ಗುಣವೆಂದೆವು; ಆ ಗುಣವೇ ಅಲ್ಲಿ ಮುಳುವಾಯಿತು. ಧೂಳು ದವಡೆಗಳ ನಡುವೆ ಸೇರಿ ತಾಮ್ರವನ್ನು ಬೇಗ ಬೇಗನೆ ತಿಂದುಹಾಕಿತು. ಮೇಲಾಗಿ, ಡ್ರಮ್ಮಿನಂತೆ ಬಿಲ್ಲೆಯು ತಾನಾಗಿ ಬಿಗಿದುಕೊಳ್ಳುವುದಿಲ್ಲ. ಹಿಸುಕುವ ಬಲವೆಲ್ಲ ಹೊರಗಿನಿಂದಲೇ ಬರಬೇಕು. ಸನ್ನೆ ಸರಳುಗಳ ಮೂಲಕ ಮನುಷ್ಯನ ಕಾಲು ಕೊಡಬಲ್ಲ ಬಲಕ್ಕೆ ಒಂದು ಮಿತಿಯಿತ್ತು.

ಲಾಂಚೆಸ್ಟರನು ತನ್ನ ಕಾಲಕ್ಕಿಂತ ಮುಂದೆ ಹುಟ್ಟಿದವನೆಂದು ಹೇಳಿ ಮುಗಿಸುವುದು ವಾಡಿಕೆ. ನನಗೆ ಆ ಮಾತು ತೃಪ್ತಿಕರವಾಗಿ ತೋರುವುದಿಲ್ಲ. ಆತನ ಬಿಲ್ಲೆಯು ಕಾಯುತ್ತಿದ್ದುದು ಕಾಲವನ್ನಲ್ಲ, ಮೂರು ನಿಶ್ಚಿತವಾದ ವಸ್ತುಗಳನ್ನು. ಮೊದಲನೆಯದು ಶಾಖಕ್ಕೆ ಸುಡದ, ಕೀರಲಿಡದ ಲೈನಿಂಗು. ಹರ್ಬರ್ಟ್ ಫ್ರೂಡ್ ಎಂಬ ಇನ್ನೊಬ್ಬ ಇಂಗ್ಲಿಷರವನು ಕೆಲವೇ ವರ್ಷಗಳಲ್ಲಿ ಕಲ್ನಾರಿನಿಂದ ಅದನ್ನು ಮಾಡಿದನು. (ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ಬಳಿಕ ಸಿದ್ಧವಾಗಿ ಈಗ ಪ್ಯಾಡುಗಳಲ್ಲಿ ಲೋಹದ ಎಳೆ, ಪಿಂಗಾಣಿಯ ಪುಡಿ, ರಾಳ ಮುಂತಾದ ಬೇರೆ ಮಿಶ್ರಣಗಳು ಬಂದಿವೆ.) ಎರಡನೆಯದು ದ್ರವದ ಒತ್ತಡದಿಂದ ಬಲವನ್ನು ಸಾಗಿಸುವ ವಿಧಾನ. ಅಮೆರಿಕದಲ್ಲಿ ಮಾಲ್ಕಮ್ ಲಾಕ್‌ಹೀಡನು ರೂಪಿಸಿದ ಈ ವಿಧಾನವು 1921ರಲ್ಲಿ ಡ್ಯೂಸನ್‌ಬರ್ಗ್ ಕಾರಿನಲ್ಲಿ ಬಂದಿತು. ಮೂರನೆಯದು, ಡ್ರಮ್ ಬ್ರೇಕಿಗೆ ತಡೆಯಲಾಗದಷ್ಟು ವೇಗ. ಈ ಮೂರೂ ಕೂಡುವವರೆಗೆ ನಕ್ಷೆಯು ಸರಿಯಾಗಿದ್ದರೂ ಯಂತ್ರವು ನಡೆಯಲಾರದು.

ಆತನಾದರೋ ಕಾಯುತ್ತ ಕುಳಿತವನಲ್ಲ. 1904ರಲ್ಲಿ, ಕಾರುಗಳಿಗೆ ಬೇಡಿಕೆಯಿದ್ದರೂ ಬಂಡವಾಳದ ಕೊರತೆಯಿಂದ ಕಂಪೆನಿಯು ದಿವಾಳಿಯ ಅಂಚಿಗೆ ಬಂದಿತು; ಹೊಸ ಹೆಸರಿನಲ್ಲಿ ಮತ್ತೆ ಎದ್ದಿತು. ಆಡಳಿತ ಮಂಡಲಿಯವರಿಗೂ ಆತನಿಗೂ ಹೊಂದಲಿಲ್ಲ. ಕ್ರಮೇಣ ವಿನ್ಯಾಸದ ಹೊಣೆಯನ್ನು ತಮ್ಮ ಜಾರ್ಜನಿಗೆ ಬಿಟ್ಟು, 1909ರಿಂದ ಡೈಮ್ಲರ್ ಕಂಪೆನಿಗೆ ಸಲಹೆಗಾರನಾದನು. ಜಾರ್ಜನ ಕಾಲದ ಲಾಂಚೆಸ್ಟರ್ ಕಾರುಗಳು ನಮ್ಮ ದೇಶದ ರಾಜರುಗಳಿಗೆ ಪ್ರಿಯವಾಗಿದ್ದವು. ಆಳ್ವಾರದ ಮಹಾರಾಜನು 1924ರಲ್ಲಿ ಒಂದಕ್ಕೆ ರಾಜರಥದ ಆಕಾರವನ್ನೇ ಕೊಡಿಸಿದ್ದನು. ರಥದ ಬಂಗಾರದ ಮೆರುಗಿಗೆ ಮರುಳಾದವರಲ್ಲಿ ಎಷ್ಟು ಮಂದಿ ಅದರ ಇಂಜಿನಿನ ಮೌನವನ್ನು ಕೇಳಿಸಿಕೊಂಡರೋ!

ಹಕ್ಕಿಯು ರೆಕ್ಕೆ ಬಡಿಯದೆ ತೇಲುವುದು ಹೇಗೆಂಬ ಪ್ರಶ್ನೆ ಆತನನ್ನು ಚಿಕ್ಕಂದಿನಿಂದ ಕಾಡಿತ್ತು. 1894ರಲ್ಲಿಯೇ ಬರ್ಮಿಂಗ್‌ಹ್ಯಾಮಿನ ಒಂದು ವಿದ್ವತ್ಸಭೆಯಲ್ಲಿ ಆ ಕುರಿತು ಮಾತನಾಡಿದನು. 1897ರಲ್ಲಿ ಲಂಡನಿನ ಭೌತಶಾಸ್ತ್ರ ಸಂಘಕ್ಕೆ ಪ್ರಬಂಧ ಕಳುಹಿಸಿದಾಗ ಅದು ತಿರಸ್ಕೃತವಾಯಿತು. ರೈಟ್ ಸೋದರರು ಹಾರುವುದಕ್ಕೆ ಇನ್ನೂ ಆರು ವರ್ಷಗಳಿದ್ದವು. ಹತ್ತು ವರ್ಷ ಕಳೆದು, 1907ರಲ್ಲಿಯೂ 1908ರಲ್ಲಿಯೂ, ಎರಡು ದೊಡ್ಡ ಸಂಪುಟಗಳಲ್ಲಿ ಆತನು ತನ್ನ ವಾದವನ್ನು ಪ್ರಕಟಿಸಿದನು. ರೆಕ್ಕೆಯ ತುದಿಗಳಲ್ಲಿ ಗಾಳಿಯು ಸುಳಿಯಾಗಿ ಹಿಂದಕ್ಕೆ ಹರಿಯುತ್ತದೆಂಬ ಆತನ ವಿವರಣೆಯನ್ನು ಮುಂದೆ ಜರ್ಮನಿಯ ಪ್ರಾಂಟ್ಲ್ ಎಂಬ ವಿದ್ವಾಂಸನು ಗಣಿತದ ಭಾಷೆಯಲ್ಲಿ ಪೂರ್ಣಗೊಳಿಸಿದನು. 1916ರಲ್ಲಿ ಯುದ್ಧದ ವಿಮಾನಗಳನ್ನು ಕುರಿತು ಬರೆದ ಪುಸ್ತಕದಲ್ಲಿ, ದೂರದಿಂದ ಗುಂಡು ಹಾರಿಸುವ ಸೈನ್ಯದ ಬಲವು ಅದರ ಸಂಖ್ಯೆಯ ವರ್ಗದಂತೆ ಬೆಳೆಯುತ್ತದೆಂದು ತೋರಿಸಿದನು. ಇದಲ್ಲದೆ ಇಂಜಿನಿನ ಕಂಪನವನ್ನು ಅಡಗಿಸುವ ಸಾಧನಗಳು, ಸಾಪೇಕ್ಷ ಸಿದ್ಧಾಂತವನ್ನು ಕುರಿತ ಒಂದು ಪುಸ್ತಕ, ಮರೆಹೆಸರಿನಲ್ಲಿ ಬರೆದ ಕವಿತೆಗಳು! ಕವಿತೆಗಳ ವಿಷಯವನ್ನು ಇಲ್ಲಿ ಬೆಳೆಸುವುದು ಬೇಡ. ಮರೆಹೆಸರು ಇಟ್ಟುಕೊಂಡದ್ದು ವಿವೇಕವೇ.

1919ರಲ್ಲಿ, ಐವತ್ತರ ವಯಸ್ಸಿನಲ್ಲಿ, ಡೊರೊತಿಯಾ ಕೂಪರ್ ಎಂಬ ಪಾದ್ರಿಯ ಮಗಳನ್ನು ವಿವಾಹವಾದನು. ಮಕ್ಕಳಾಗಲಿಲ್ಲ. ಅದೇ ವರ್ಷ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯವು ಗೌರವ ಪದವಿ ಕೊಟ್ಟಿತು. ಆ ಬಳಿಕ ಬದುಕು ಇಳಿಜಾರಿಗೆ ತಿರುಗಿತು. 1925ರಲ್ಲಿ ತೆರೆದ ಸ್ವಂತ ಪ್ರಯೋಗಾಲಯಕ್ಕೆ ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಕೆಲಸ ಬರಲಿಲ್ಲ. ಅಲ್ಲಿ ಧ್ವನಿವರ್ಧಕಗಳನ್ನು ಮಾಡಿ ಮಾರಿದರೂ ಅದು ಉಳಿಯಲಿಲ್ಲ. ಡೈಮ್ಲರಿನ ಸಂಬಂಧವೂ ಮುಗಿಯಿತು. 1931ರಲ್ಲಿ ಲಾಂಚೆಸ್ಟರ್ ಎಂಬ ಹೆಸರಿನ ಕಂಪೆನಿಯೇ ಬೇರೆಯವರ ಪಾಲಾಯಿತು. 1934ರಲ್ಲಿ ಪ್ರಯೋಗಾಲಯವನ್ನು ಮುಚ್ಚಿದಾಗ ಆತನಿಗೆ ಪಾರ್ಕಿನ್ಸನ್ ರೋಗ ಹಿಡಿದಿತ್ತು. ಸೂಕ್ಷ್ಮವಾದ ನಕ್ಷೆಗಳನ್ನು ಬರೆದ ಕೈ ನಡುಗತೊಡಗಿತು. ಕಣ್ಣಿಗೆ ಪೊರೆ ಬಂದಿತು. ಯಂತ್ರದ ಕಂಪನವನ್ನು ಅಡಗಿಸಿದವನಿಗೆ ತನ್ನ ಕೈಯ ಕಂಪನವನ್ನು ಅಡಗಿಸುವ ಉಪಾಯವಿರಲಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ತಾನೇ ಕಟ್ಟಿಸಿದ ಮನೆಯಲ್ಲಿ ಉಳಿಯುವುದಕ್ಕೂ ಇತರರ ಧರ್ಮಸಹಾಯವು ಬೇಕಾಯಿತು. 1945ರಲ್ಲಿ ಜೇಮ್ಸ್ ವಾಟನ ಹೆಸರಿನ ಅಂತರರಾಷ್ಟ್ರೀಯ ಪದಕವು ದೊರೆಯಿತು. 1946ರ ಮಾರ್ಚ್ 8ರಂದು, 77ನೆಯ ವಯಸ್ಸಿನಲ್ಲಿ, ಆತನು ಅಲ್ಲಿಯೇ ತೀರಿಕೊಂಡನು.

ಬಿಲ್ಲೆಯ ಕಥೆಯು ಅಲ್ಲಿಗೆ ನಿಲ್ಲಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಗಳು ನೆಲಕ್ಕಿಳಿಯುವಾಗಿನ ವೇಗವನ್ನು ತಡೆಯಲು ಡ್ರಮ್ಮುಗಳಿಂದ ಆಗದೆ ಡನ್‌ಲಪ್ ಕಂಪೆನಿಯವರು ಬಿಲ್ಲೆಗಳನ್ನು ಬೆಳೆಸಿದ್ದರು. 1953ರಲ್ಲಿ ಫ್ರಾನ್ಸಿನ ಲ ಮಾನ್ಸ್ ಪಟ್ಟಣದಲ್ಲಿ ನಡೆದ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯದಲ್ಲಿ ಅದೇ ಡನ್‌ಲಪ್ ಬಿಲ್ಲೆಗಳನ್ನು ತೊಟ್ಟ ಜಾಗ್ವಾರ್ ಕಾರು ಗೆದ್ದಿತು; ಸರಾಸರಿ ವೇಗವು ಅಲ್ಲಿ ಮೊದಲ ಬಾರಿಗೆ ಗಂಟೆಗೆ ನೂರು ಮೈಲಿಯನ್ನು ದಾಟಿತು. ಗೆಲುವು ಇಂಜಿನಿನದೆಂದು ಭಾವಿಸಬಾರದು. ತಿರುವು ಸಮೀಪಿಸಿದಾಗ ಉಳಿದವರು ಬ್ರೇಕು ಒತ್ತಿದ ಮೇಲೂ ಜಾಗ್ವಾರಿನವರು ಇನ್ನಷ್ಟು ದೂರ ವೇಗದಲ್ಲಿಯೇ ಹೋಗಬಲ್ಲವರಾಗಿದ್ದರು, ಅದೂ ಇರುಳೂ ಹಗಲೂ ಹಿಡಿತ ಕುಗ್ಗದೆ. 1955ರಲ್ಲಿ ಸಿಟ್ರೊಯೆನ್ ಕಂಪೆನಿಯು ತನ್ನ ಡಿ.ಎಸ್. ಕಾರಿನ ಮುಂಚಕ್ರಗಳಿಗೆ ಬಿಲ್ಲೆಗಳನ್ನು ಹಾಕಿ ಸಾಮಾನ್ಯರ ಬಳಕೆಗೆ ತಂದಿತು. 1969ರಲ್ಲಿ ಹೋಂಡಾದವರ ದೊಡ್ಡ ಮೋಟಾರು ಸೈಕಲ್ಲಿನ ಮುಂಚಕ್ರಕ್ಕೂ ಬಂದಿತು.

ಇಂದು ಅದರ ಜಾತಿಗಳು ಹಲವು. ಇಕ್ಕಳಕ್ಕೆ ಗ್ಯಾರೇಜಿನವರು ಹೇಳುವ ಹೆಸರು ಕ್ಯಾಲಿಪರ್. ಒಂದು ಬಗೆಯ ಕ್ಯಾಲಿಪರ್ ಅಲುಗಾಡದೆ ನಿಂತು ಎರಡು ಕಡೆಯ ಪಿಸ್ಟನ್ನುಗಳಿಂದಲೂ ಒತ್ತುತ್ತದೆ. ಅದು ಬಲವಾದುದು, ಬೆಲೆ ಹೆಚ್ಚು. ನಾವು ಕಾಣುವ ಬಹುತೇಕ ಕಾರುಗಳಲ್ಲಿರುವುದು ಜಾರುವ ಕ್ಯಾಲಿಪರ್: ಒಂದೇ ಕಡೆಯ ಪಿಸ್ಟನ್ನು ಒಂದು ಪ್ಯಾಡನ್ನು ಒತ್ತಿದಾಗ ಅದರ ಪ್ರತಿಬಲದಿಂದ ಇಡೀ ಕ್ಯಾಲಿಪರ್ ಸರಿದು ಆಚೆಯ ಪ್ಯಾಡನ್ನೂ ಎಳೆದು ಒತ್ತುತ್ತದೆ. ಕಾಪು, ಮಲ್ಪೆಯಂತಹ ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿಗೆ ಈ ಜಾರುವ ಕಡ್ಡಿಗಳು ತುಕ್ಕು ಹಿಡಿದು ಸಿಕ್ಕಿಕೊಂಡರೆ ಒಂದು ಪ್ಯಾಡು ಸವೆದು ಇನ್ನೊಂದು ಹಾಗೆಯೇ ಉಳಿಯುತ್ತದೆ. ರಾತ್ರಿ ಅಂಗಳದಲ್ಲಿ ನಿಂತ ಕಾರಿನ ಬಿಲ್ಲೆಯ ಮೇಲೆ ಬೆಳಗ್ಗೆ ಕಾಣುವ ಕೆಂಪು ಪೊರೆಗೆ ಹೆದರಬೇಕಾದುದಿಲ್ಲ. ನಾಲ್ಕು ಸಲ ಬ್ರೇಕು ಹಾಕಿದರೆ ಅದು ಒರೆಸಿಹೋಗುತ್ತದೆ. ಹೆದರಬೇಕಾದುದು ಬ್ರೇಕಿನ ಎಣ್ಣೆಗೆ. ನಮ್ಮ ತೇವದ ಹವೆಯಿಂದ ಅದು ನೀರಿನಂಶವನ್ನು ಹೀರುತ್ತದೆ. ನೀರು ಸೇರಿದ ಎಣ್ಣೆಯು ಘಟ್ಟದ ಇಳಿಜಾರಿನಲ್ಲಿ ಬೇಗ ಕುದಿದು ಆವಿಯಾದರೆ ಪೆಡಲು ಗಾಳಿಯನ್ನು ತುಳಿದಂತಾಗುತ್ತದೆ.

ಬಿಲ್ಲೆಯಲ್ಲಿಯೂ ಭೇದವುಂಟು. ಹಗುರವಾದ ವಾಹನಕ್ಕೆ ಒಂಟಿ ಬಿಲ್ಲೆ. ಭಾರವಾದ ಕಾರುಗಳ ಮುಂಚಕ್ರಕ್ಕೆ ಎರಡು ತಟ್ಟೆಗಳ ನಡುವೆ ರೆಕ್ಕೆಗಳಿರುವ ಬಿಲ್ಲೆ. ತಿರುಗುವಾಗ ಅದು ಬೀಸಣಿಗೆಯಂತೆ ನಡುವಿನಿಂದ ಗಾಳಿಯನ್ನು ಎಳೆದು ಅಂಚಿಗೆ ತಳ್ಳುತ್ತದೆ. ಮೋಟಾರು ಸೈಕಲ್ಲಿನ ಬಿಲ್ಲೆಯ ತೂತುಗಳು ಅಲಂಕಾರಕ್ಕಲ್ಲ. ಭಾರ ಇಳಿಸುವುದಕ್ಕೂ ನೀರನ್ನು ಹೊರಗೆ ಬಿಡುವುದಕ್ಕೂ ಇವೆ. ಸಣ್ಣ ಕಾರುಗಳ ಹಿಂಚಕ್ರದಲ್ಲಿ ಡ್ರಮ್ಮು ಇಂದೂ ಉಳಿದಿದೆ. ಬ್ರೇಕು ಹಾಕಿದಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಹಿಂಚಕ್ರಕ್ಕೆ ಕೆಲಸ ಕಡಿಮೆ. ಕೈಬ್ರೇಕಿಗೆ ಡ್ರಮ್ಮೇ ಅನುಕೂಲ. ಚಕ್ರವು ಕಚ್ಚಿಕೊಂಡು ಜಾರದಂತೆ ಒತ್ತಡವನ್ನು ಕ್ಷಣಕ್ಷಣಕ್ಕೂ ಬಿಟ್ಟುಹಿಡಿಯುವ ಎ.ಬಿ.ಎಸ್. ಎಂಬ ವ್ಯವಸ್ಥೆಯು 2019ರ ಏಪ್ರಿಲಿನಿಂದ ನಮ್ಮ ದೇಶದಲ್ಲಿ 125 ಸಿ.ಸಿ.ಗಿಂತ ದೊಡ್ಡ ದ್ವಿಚಕ್ರ ವಾಹನಗಳಿಗೆ ಕಡ್ಡಾಯವಾಯಿತು. ಜುಲೈ ತಿಂಗಳಿನ ಮಳೆಯಲ್ಲಿ ಮಣಿಪಾಲದ ಗುಡ್ಡದಿಂದ ಉಡುಪಿಗೆ ಇಳಿಯುವ ಹುಡುಗರಿಗೂ, ಕಾರ್ಕಳದ ತಿರುವುಗಳಲ್ಲಿ ಬಸ್ಸಿನ ಹಿಂದೆ ಹೋಗುವವರಿಗೂ ಇದು ಎಷ್ಟು ಬಾರಿ ಪ್ರಾಣದಾನ ಮಾಡಿದೆಯೆಂದು ಲೆಕ್ಕವಿಟ್ಟವರಿಲ್ಲ. ಕೆಡದೆ ಉಳಿದ ಕಾರ್ಯವನ್ನು ಲೆಕ್ಕವಿಡುವುದು ಹೇಗೆ?

ಲಾಂಚೆಸ್ಟರನ ತಮ್ಮ ಜಾರ್ಜನು ದೀರ್ಘಾಯುಷಿ. ಆತನು 1970ರವರೆಗೆ ಬದುಕಿದ್ದನು. ಸ್ಪಾರ್ಕ್‌ಬ್ರೂಕಿನ ಕಾರ್ಖಾನೆಯಲ್ಲಿ ಅಣ್ಣನ ಜೊತೆ ದುಡಿದಿದ್ದ ಆ ವೃದ್ಧನು, ತನ್ನ ಕೊನೆಯ ವರ್ಷಗಳಲ್ಲಿ ಇಂಗ್ಲೆಂಡಿನ ಸಾಧಾರಣ ಕಾರುಗಳು ಬಿಲ್ಲೆಯ ಬ್ರೇಕಿನಿಂದ ಸದ್ದಿಲ್ಲದೆ ನಿಲ್ಲುವುದನ್ನು ಕಂಡನು. ಆತನು ತೀರಿಕೊಂಡ ವರ್ಷವೇ ಕವೆಂಟ್ರಿ ಪಟ್ಟಣದಲ್ಲಿ ಒಂದು ತಾಂತ್ರಿಕ ವಿದ್ಯಾಲಯವು ಅಣ್ಣನ ಹೆಸರಿನಲ್ಲಿ ಆರಂಭವಾಯಿತು. ಈಗ ಅದು ಕವೆಂಟ್ರಿ ವಿಶ್ವವಿದ್ಯಾಲಯವೆಂದು ಹೆಸರು ಬದಲಿಸಿಕೊಂಡಿದೆ. ಅಲ್ಲಿನ ಗ್ರಂಥಾಲಯಕ್ಕೆ ಲಾಂಚೆಸ್ಟರನ ಹೆಸರು ಉಳಿದಿದೆ.